ಗಾದಿಯ ಪ್ರಸಂಗ

ನಿದ್ರೆ ಸುಖವನ್ನರಿಯದು, ಹಸಿವು ರುಚಿಯನ್ನರಿಯದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಸಿವಿನ ಮಾತು ನಿಜವಿರಬೇಕು. ಖಾನಾವಳಿಯ ಸಾರು ಉಂಡ ನಮ್ಮಂಥ ವಿದ್ಯಾರ್ಥಿಗಳೇ ಅದಕ್ಕೆ ಸಾಕ್ಷಿ. ಆದರೆ ನಿದ್ರೆಯ ಮಾತನ್ನು ಕಟ್ಟಿದ ಪುಣ್ಯಾತ್ಮನಿಗೆ ನಡುನೋವು ಇದ್ದಿರಲಾರದೆಂದು ನನ್ನ ಗುಮಾನಿ.

ನನ್ನ ಊರು ಹುನಗುಂದ ಸೀಮೆಯ ರಾಮಥಾಳ. ಮರೋಳದ ಹೆಸರಿನೊಡನೆ ನಮ್ಮೂರ ಹೆಸರನ್ನೂ ಸೇರಿಸಿ 24,000 ಹೆಕ್ಟೇರಿನ ಹನಿ ನೀರಾವರಿ ಯೋಜನೆಯೊಂದು ಆದ ಮೇಲೆ ಹೊರಗಿನವರೂ ಈ ಹೆಸರನ್ನು ಅಷ್ಟಿಷ್ಟು ಕೇಳಿದ್ದಾರೆ. ನಮ್ಮಲ್ಲಿ ಹಾಸಿಗೆಯೆಂದರೆ ಮೂರೇ ಬಗೆ. ಕುರುಬರು ನೇಯ್ದ ಕರಿ ಕಂಬಳಿ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಹೆಂಗಸರು ಹೊಲಿದ ಕೌದಿ. ಮತ್ತು, ಅನುಕೂಲವಿದ್ದವರ ಮನೆಯಲ್ಲಿ, ಹತ್ತಿಯ ಗಾದಿ. ನಮ್ಮ ಮನೆಗೆ ಗಾದಿಯೆಂಬುದು ಒಂದೇ ಒಂದು. ಅದು ಅವ್ವನ ಮದುವೆಯಲ್ಲಿ ತವರಿನಿಂದ ಬಂದದ್ದು. ಅದರಲ್ಲಿದ್ದುದು ಮುತ್ಯಾನ ಹೊಲದಲ್ಲೇ ಬೆಳೆದ ಜಯಧರ ಹತ್ತಿ. ಎಳೆ ಗಿಡ್ಡ, ತುಸು ಒರಟು. ನೂಲುವವನಿಗೆ ಅಷ್ಟು ಮೆಚ್ಚಿಗೆಯಾಗದಿದ್ದರೂ ಗಾದಿಗೆ ಅದೇ ಲೇಸು, ಬೇಗ ಚಪ್ಪಟೆಯಾಗದೆ ಪುಟಿಯುತ್ತದೆ. 2002ರಲ್ಲಿ ಬಿ.ಟಿ. ಹತ್ತಿ ಬಂದ ಮೇಲೆ ಆ ನಾಡಹತ್ತಿ ನಮ್ಮ ಹೊಲಗಳಲ್ಲಿ ಕಾಣುವುದೇ ಅಪರೂಪವಾಯಿತು.

ನಾನು ಕಾಲೇಜು ಸೇರಿ ಕೋಣೆ ಹಿಡಿದಾಗ ಅಪ್ಪ ಆ ಗಾದಿಯನ್ನೇ ಸುರುಳಿ ಸುತ್ತಿ, ಹಗ್ಗ ಬಿಗಿದು ಬಸ್ಸಿನ ಮೇಲೆ ಹಾಕಿದ. ಬೇಡವೆಂದೆ.

“ನೀ ತಗೊಂಡು ಹೋಗಪಾ. ಹೊಲದಾಗ ದುಡದು ಬಂದವರಿಗೆ ಕಲ್ಲಿನ ಮ್ಯಾಲೂ ನಿದ್ದಿ ಬರತೈತಿ” ಎಂದ.

ನಾನು ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿದ್ದಿತು. ದೀಪಾವಳಿಯ ಸೂಟಿಗೆ ಊರಿಗೆ ಹೋದಾಗ ಕಂಡದ್ದೇ ಬೇರೆ. ಪಡಸಾಲೆಯ ಹಾಸುಗಲ್ಲಿನ ಮೇಲೆ ಒಂದು ಕಂಬಳಿ, ಅದರ ಮೇಲೆ ಅಪ್ಪ. ಬೆಳಗ್ಗೆ ಏಳುವಾಗ ಮೊದಲು ಮಗ್ಗುಲಾಗಿ, ಆಮೇಲೆ ಮೊಣಕಾಲೂರಿ, ಕೊನೆಗೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಐವತ್ತು ದಾಟದ ಮನುಷ್ಯ.

ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದ ದುಡ್ಡು ಕಿಸೆಯಲ್ಲಿದ್ದಿತು. ಇಳಕಲ್ಲಿಗೆ ಹೋಗಿ ಅಂಗಡಿಯೊಂದನ್ನು ಹೊಕ್ಕೆ. ಅಂಗಡಿಯಾತ ಫೋಮಿನ ಗಾದಿಯೊಂದರ ಮೇಲೆ ಅಂಗೈಯೂರಿ ತೆಗೆದ. ಬೆರಳಿನ ಗುರುತುಗಳು ಒಂದಿಷ್ಟು ಹೊತ್ತು ಹಾಗೆಯೇ ಉಳಿದು, ಮೆಲ್ಲಗೆ ಮೇಲೆದ್ದು ಬಂದವು. ನಾನು ಬೆರಗಾದೆ. “ಮಾಡದಾಗ ಮಲಗಿದಂಗ ಆಗತೈತಿ ನೋಡ್ರಿ” ಎಂದ. 8,500 ರೂಪಾಯಿ ಎಣಿಸಿ ಕೊಟ್ಟೆ. ಅದರ ಮೇಲೆ ಒಂದು ಸಲ ಅಡ್ಡಾಗಿ ನೋಡಬೇಕೆಂಬ ಬುದ್ಧಿ ನನಗೆ ಬರಲಿಲ್ಲ. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಆಯುಷ್ಯದ ಮೂರನೆಯ ಒಂದು ಪಾಲನ್ನು ಕಳೆಯುವ ಹಾಸಿಗೆಯನ್ನು ಮಾತ್ರ ಅಂಗೈಯಿಂದ ಒತ್ತಿ ನೋಡಿ ತರುತ್ತೇವೆ!

ಅಪ್ಪನ ಸಂತೋಷಕ್ಕೆ ಪಾರವಿರಲಿಲ್ಲ. ಓಣಿಯವರೆಲ್ಲ ಬಂದು ಮುಟ್ಟಿ ನೋಡಿ ಹೋದರು. ಮರುದಿನ ಬೆಳಗ್ಗೆ ಕೇಳಿದೆ, “ಹೆಂಗೈತಪ್ಪಾ?”

“ಭಾಳ ಛಲೋ ಐತಿ. ಸಾವಕಾರ ಆದಂಗ ಆತು.”

ನಾಲ್ಕನೆಯ ರಾತ್ರಿ ನೀರಡಿಸಿ ಎದ್ದೆ. ಗಾದಿ ಬರಿದಾಗಿದ್ದಿತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಅದೇ ಕಂಬಳಿ ಹಾಸಿಕೊಂಡು ಮಲಗಿದ್ದ. ನಾನು ಸದ್ದು ಮಾಡದೆ ಒಳಗೆ ಬಂದೆನಾದರೂ ಮತ್ತೆ ನಿದ್ರೆ ಹತ್ತಲಿಲ್ಲ. ಕೋಳಿ ಕೂಗುವ ಮೊದಲು ಅಪ್ಪ ಕಳ್ಳಹೆಜ್ಜೆಯಿಂದ ಒಳಗೆ ಬಂದು, ಗಾದಿಯ ಮೇಲೆ ಉರುಳಿ, ಮುಸುಕೆಳೆದುಕೊಂಡ. ನಾನು ಎದ್ದಾಗ ಅಲ್ಲಿಯೇ ಕಾಣಬೇಕಲ್ಲ! ಹೀಗೆ ಎಷ್ಟು ರಾತ್ರಿ ನಡೆದಿದ್ದಿತೋ ಅವ್ವನಿಗೆ ಗೊತ್ತು. ಕೇಳಿದರೆ, “ಮಗನ ರೊಕ್ಕ ಹಾಳಾತು ಅನಸಬಾರದು ಅಂತ ಹೇಳಬ್ಯಾಡ ಅಂದಾರ” ಎಂದಳು.

ಕಾಲೇಜಿಗೆ ಮರಳಿದ ಮೇಲೆ ಈ ವಿಷಯವನ್ನು ಓದತೊಡಗಿದೆ. ದುಡ್ಡು ಕೊಟ್ಟ ಮೇಲೆ ಓದುವುದು ನಮ್ಮ ಪದ್ಧತಿ. ಬೆರಳಗುರುತು ಹಿಡಿಯುವ ಆ ಫೋಮು 1966ರಲ್ಲಿ ಅಮೆರಿಕೆಯ ನಾಸಾದ ಕೆಲಸಕ್ಕಾಗಿ, ವಿಮಾನದ ಆಸನಗಳಿಗೆಂದು ಹುಟ್ಟಿದ್ದು. ಮೈಯ ಬಿಸಿಗೆ ಮೆತ್ತಗಾಗುವುದು ಅದರ ಗುಣ. ಗಾಳಿ ಅದರೊಳಗೆ ಸುಲಭವಾಗಿ ಆಡದು. ಬಿಸಿಲಿಗೆ ಕಾದ ನಮ್ಮ ಸೀಮೆಯ ಮನೆಯಲ್ಲಿ ಅದು ಇನ್ನಷ್ಟು ಮೆತ್ತಗಾಗದೆ ಏನಾದೀತು? ಭಾರವಾದ ಟೊಂಕ ಕೆಳಗಿಳಿದು ಬೆನ್ನು ಬಿಲ್ಲಾಗುತ್ತದೆ.

ಹಾಗಾದರೆ ಕಲ್ಲೇ ಲೇಸೆ? ಬೆನ್ನುನೋವಿಗೆ ಗಟ್ಟಿ ನೆಲವೇ ಮದ್ದೆಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ವೈದ್ಯರದೊಂದು ಪ್ರಯೋಗ ಅಚ್ಚಾಯಿತು. ಹಳೆಯ ನಡುನೋವಿನ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿತನದ ಹಾಸಿಗೆ ಕೊಟ್ಟು 90 ದಿನ ನೋಡಿದರು. ಹೆಚ್ಚು ಗುಣ ಕಂಡವರು ಮಧ್ಯಮದವರು. ಎಂದರೆ ಕಲ್ಲಿನ ಮೇಲೆ ಮಲಗಿ ಅಪ್ಪ ತಪ್ಪಿದ್ದ, ಮೋಡ ತಂದು ನಾನು ತಪ್ಪಿದ್ದೆ.

ಸರಿಯಾದದ್ದು ನನ್ನ ಕೋಣೆಯಲ್ಲೇ ಇದ್ದಿತು. ಆದರೆ ಅದೂ ಗಂಟುಗಂಟಾಗಿದ್ದಿತು. ಮೈಭಾರಕ್ಕೆ, ಬೆವರಿಗೆ ಹತ್ತಿಯ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಸಂಕ್ರಮಣದ ಸೂಟಿಯಲ್ಲಿ ಗಾದಿಯನ್ನು ಊರಿಗೆ ಹೊತ್ತು ತಂದೆ. ಪಿಂಜಾರ ಕಾಕಾನನ್ನು ಕರೆಸಿದೆವು. ಅವನ ತಂದೆಯ ಕೈಯಲ್ಲಿ ಕಮಾನಿದ್ದಿತಂತೆ: ಬಿಲ್ಲಿನಂಥ ಕೋಲು, ಬಿಗಿದ ನರದ ಹುರಿ, ಅದನ್ನು ಮೀಟಲು ಕಟ್ಟಿಗೆಯ ಗುಂಡು. ಓಣಿಯ ತುದಿಯಿಂದಲೇ ಟಂಯ್ ಟಂಯ್ ಎಂಬ ನಾದ ಕೇಳಿ ಹುಡುಗರು ಓಡುತ್ತಿದ್ದರಂತೆ. ಕಾಕಾ ತಂದದ್ದು ಮೋಟರಿನ ಯಂತ್ರ. ನಾದವಿಲ್ಲ, ಗದ್ದಲವಿದೆ; ಕೆಲಸ ಮಾತ್ರ ಅದೇ, ಎಳೆ ಬಿಡಿಸಿ ನಡುವೆ ಗಾಳಿ ತುಂಬುವುದು. ಅವ್ವನ ಗಾದಿಯ ಹೊಲಿಗೆ ಬಿಚ್ಚಿ, ಮುದ್ದೆಗಳನ್ನು ಬಿಸಿಲಿಗೆ ಹರವಿ, ಹಿಂಜಿದಾಗ ಬುಟ್ಟಿಯಷ್ಟಿದ್ದುದು ಬಣವೆಯಷ್ಟಾಯಿತು. ಒಂದಿಷ್ಟನ್ನು ಬೆರಳಲ್ಲಿ ಎಳೆದು ನೋಡಿದ ಕಾಕಾ, “ಇಂಥಾ ಅರಳಿ ಈಗ ಎಲ್ಲೈತಿ ತಂಗೀ?” ಎಂದು ಅವ್ವನಿಗೆ ಹೇಳಿದ. ಅವ್ವ ಮಾತಾಡಲಿಲ್ಲ, ಅಂಗಳಕ್ಕೆ ಹಾರಿದ್ದ ಎಳೆಗಳನ್ನೂ ಬಿಡದೆ ಆರಿಸಿ ತಂದು ಚೀಲಕ್ಕೆ ತುಂಬಿದಳು.

ಟೊಂಕ ಬೀಳುವ ಕಡೆಗೆ ತುಸು ಹೆಚ್ಚು ಹತ್ತಿಯಿಟ್ಟು ಕಾಕಾ ಹೊಲಿಯತೊಡಗಿದ. ಈ ಸಲ ನಾನು ಅಪ್ಪನನ್ನು ಅದರ ಮೇಲೆ ಮಲಗಿಸಿ, ನಡುವಿನ ಕೆಳಗೆ ಕೈ ತೂರಿಸಿ ನೋಡಿದೆ. ಕೈಗೆ ದಾರಿಯೂ ಇರಲಿಲ್ಲ, ಬೆನ್ನು ಹೂತೂ ಇರಲಿಲ್ಲ. “ಇನ್ನ ಏಳಪ್ಪಾ, ಅಂಚು ಹೊಲಿಯೂದು ಉಳದೈತಿ” ಎಂದೆ. ಉತ್ತರವಿಲ್ಲ. ಕಾಕಾ ಸೂಜಿ ಹಿಡಿದುಕೊಂಡು ಅರ್ಧ ತಾಸು ಚಹಾ ಕುಡಿಯುತ್ತ ಕುಳಿತ.

ಮೋಡದ ಗಾದಿ ಈಗ ನನ್ನ ಕೋಣೆಯಲ್ಲಿದೆ. ಸೆಕೆಯ ರಾತ್ರಿಗಳಲ್ಲಿ ಅದನ್ನು ಗೋಡೆಗೆ ಒರಗಿಸಿ, ಆಯಿ ಹೊಲಿದ ಕೌದಿಗಳೆರಡನ್ನು ಹಾಸಿಕೊಳ್ಳುತ್ತೇನೆ. ಮೊನ್ನೆ ಅಪ್ಪ ಫೋನಿನಲ್ಲಿ ಕೇಳಿದ, “ಏನಪಾ, ಆ ಗಾದಿ ಮ್ಯಾಲ ನಿದ್ದಿ ಬರತೈತಿಲ್ಲೋ?”

“ಭಾಳ ಛಲೋ ಬರತೈತಪ್ಪಾ” ಎಂದೆ.