ಓಬು ಪಟ್ಟಣದಲ್ಲಿ ಒಂದು ದಿನ

ಜಪಾನಿನ ನಾಗೋಯಾ ನಗರದಿಂದ ತೊಕಾಯ್ದೊ ರೈಲುಮಾರ್ಗದಲ್ಲಿ ದಕ್ಷಿಣಾಭಿಮುಖವಾಗಿ ಹೊರಟರೆ, ಅರ್ಧ ಗಂಟೆಯೊಳಗಾಗಿ ಮೊದಲು ಕ್ಯೋವಾ, ಅದರ ಮುಂದೆಯೇ ಓಬು ಎಂಬ ನಿಲ್ದಾಣಗಳು ದೊರೆಯುವುವು. ಕಾರ್ಖಾನೆಗಳೂ ದ್ರಾಕ್ಷಿಯ ತೋಟಗಳೂ ಬೆರೆತ ಸಾಧಾರಣವಾದ ಊರು. ಕೋಟೆಕೊತ್ತಲಗಳನ್ನು ನೋಡಬಯಸುವವರು ಇಲ್ಲಿ ಇಳಿಯುವುದಿಲ್ಲ. ನಾವು ಇಳಿದುದು ಬೇರೊಂದು ಕಾರಣದಿಂದ.

೨೦೦೭ನೆಯ ಇಸವಿ ಡಿಸೆಂಬರಿನಲ್ಲಿ ಈ ಊರಿನ ೯೧ ವರ್ಷದ ವೃದ್ಧರೊಬ್ಬರು, ಸ್ಮೃತಿಭ್ರಂಶರೋಗದಿಂದ ದಿಕ್ಕು ತಿಳಿಯದೆ ಮನೆಯಿಂದ ಹೊರಬಿದ್ದು, ಕ್ಯೋವಾ ನಿಲ್ದಾಣದಲ್ಲಿ ರೈಲಿಗೆ ಸಿಕ್ಕಿ ಮೃತರಾದರು. ೮೫ ವರ್ಷದ ಅವರ ಪತ್ನಿಗೆ ಆ ಹೊತ್ತಿನಲ್ಲಿ ಕೊಂಚ ಜೊಂಪು ಹತ್ತಿದ್ದಿತು. ನಡೆದ ತಪ್ಪು ಅಷ್ಟೆ. ಮಾವನವರ ಆರೈಕೆಗೆಂದೇ ಹಿರಿಯ ಸೊಸೆಯು ದೂರದ ಯೊಕೊಹಾಮದಿಂದ ಬಂದು ನೆರೆಯಲ್ಲಿ ನೆಲೆಸಿದ್ದಳು.

ಗಾಡಿಗಳು ತಡವಾದ ನಷ್ಟಕ್ಕಾಗಿ ರೈಲು ಕಂಪನಿಯು ದಾವೆ ಹೂಡಿತು. ಪತ್ನಿಯೂ ಹಿರಿಯ ಮಗನೂ ಸುಮಾರು ೭೨ ಲಕ್ಷ ಯೆನ್ ತೆರತಕ್ಕದ್ದೆಂದು ೨೦೧೩ರಲ್ಲಿ ಜಿಲ್ಲಾ ನ್ಯಾಯಾಲಯವು ವಿಧಿಸಿತು. ಮರುವರ್ಷ ಮೇಲಿನ ನ್ಯಾಯಾಲಯವು ಮಗನನ್ನು ಬಿಟ್ಟು, ಅದರ ಅರ್ಧವನ್ನು ಆ ಮುದುಕಿಯ ಮೇಲೆಯೇ ಹೊರಿಸಿತು. ಎವೆ ಮುಚ್ಚಿದುದೇ ಅಪರಾಧವಾದರೆ ಮನೆಯ ಹಿರಿಯರನ್ನು ನೋಡಿಕೊಳ್ಳುವ ಧೈರ್ಯ ಯಾರಿಗೆ ಬಂದೀತು? ಕಡೆಗೆ ೨೦೧೬ನೆಯ ಮಾರ್ಚ್ ೧ರಂದು ಸರ್ವೋಚ್ಚ ನ್ಯಾಯಾಲಯವು ಇಬ್ಬರೂ ಹೊಣೆಯಲ್ಲವೆಂದು ತೀರ್ಪಿತ್ತಿತು.

ತೀರ್ಪಿನೊಡನೆ ಊರು ಸುಮ್ಮನಾಗಲಿಲ್ಲ. ಈ ರೋಗದ ಭಯವಿಲ್ಲದೆ ಬಾಳುವಂತೆ ಊರನ್ನು ರೂಪಿಸಬೇಕೆಂದು ಓಬು ನಗರಸಭೆಯು ೨೦೧೭ರಲ್ಲಿ ಶಾಸನ ಮಾಡಿತು. ಮರುವರ್ಷ, ಇಂತಹ ಅಪಘಾತದ ನಷ್ಟಕ್ಕೆ ನಗರದ ಖರ್ಚಿನಿಂದಲೇ ವಿಮೆಯನ್ನೂ ಏರ್ಪಡಿಸಿತು. ದೇಶದಲ್ಲಾದರೋ ೨೦೦೦ದಿಂದಲೇ ಆರೈಕೆಯ ವಿಮೆ ಉಂಟು; ೪೦ ವರ್ಷ ತುಂಬಿದವರೆಲ್ಲರೂ ಅದಕ್ಕೆ ಹಣ ಸಲ್ಲಿಸುವರು. ಅದರ ನೆರವಿನಿಂದ ಬೆಳಗ್ಗೆ ವಾಹನವೊಂದು ಬಂದು ವೃದ್ಧರನ್ನು ಹಗಲಿನ ಆರೈಕೆಯ ಮನೆಗೆ ಕರೆದೊಯ್ದು ಸಂಜೆ ಮರಳಿ ತಂದುಬಿಡುವುದು. ಆ ಕೆಲವು ಗಂಟೆಗಳಲ್ಲಿ ಮನೆಯಾಕೆಯು ನಿದ್ರಿಸಬಹುದು. ೨೦೦೫ರಿಂದ, ಒಂದೂವರೆ ಗಂಟೆಯ ಪಾಠವೊಂದನ್ನು ಅಂಗಡಿಯವರಿಗೂ ಗುಮಾಸ್ತರಿಗೂ ಶಾಲೆಯ ಮಕ್ಕಳಿಗೂ ಕಲಿಸುತ್ತಿರುವರು: ದಾರಿತಪ್ಪಿದ ಹಿರಿಯರನ್ನು ಗದರಿಸದೆ, ಅವಸರಪಡಿಸದೆ ಮಾತನಾಡಿಸುವುದು ಹೇಗೆಂದು. ಕಲಿತವರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ.

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಒಂದು ಶಬ್ದದ ಕಥೆ. ಹಿಂದೆ ಈ ರೋಗಕ್ಕೆ ಅಲ್ಲಿಯವರು 'ಚಿಹೋ' ಎನ್ನುತ್ತಿದ್ದರು. ಅದರ ಮೊದಲ ಅಕ್ಷರವು, ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ನಮ್ಮ 'ಮೋಹ' ಶಬ್ದಕ್ಕೆ ಆರಿಸಿಕೊಂಡ ಅಕ್ಷರ. ಮೂಢತೆಯೆಂಬ ನಿಂದೆ ಅದರಲ್ಲಿ ಅಡಗಿದೆ. ೨೦೦೪ರಲ್ಲಿ ಸರಕಾರವು ಅದನ್ನು ತೊರೆದು, ಅರಿವಿನ ವ್ಯಾಧಿಯೆಂಬರ್ಥದ 'ನಿಂಚಿಶೋ' ಪದವನ್ನು ಬಳಕೆಗೆ ತಂದಿತು.

ನಮ್ಮಲ್ಲಿಯೂ 'ಅರುವತ್ತಕ್ಕೆ ಅರಳುಮರಳು' ಎಂದು ನಕ್ಕುಬಿಡುವ ವಾಡಿಕೆಯುಂಟಷ್ಟೆ. ಆ ನಗುವಿನಲ್ಲಿ ರೋಗವೂ ಮರೆಯಾಗುವುದು, ರಾತ್ರಿಯೆಲ್ಲ ಬಾಗಿಲು ಕಾಯುವ ಸೊಸೆಯ ದಣಿವೂ ಮರೆಯಾಗುವುದು. ವಿಮೆ, ವಾಹನಗಳು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಅಂತಹ ಮನೆಗೆ ಹೋದಾಗ ಹಿರಿಯರ ಕ್ಷೇಮವನ್ನು ವಿಚಾರಿಸಿ, "ಎರಡು ಗಂಟೆ ನಾವು ಕುಳಿತಿರುತ್ತೇವೆ, ನೀನು ಹೋಗಿ ಮಲಗು, ತಾಯಿ" ಎನ್ನುವುದಕ್ಕೆ ಯಾವ ಶಾಸನವೂ ಬೇಕಿಲ್ಲ.