ಈ ನೀರು ಎಲ್ಲಿಂದ ಬಂತು?

ಹೊಲದಲ್ಲಿ ಬೋರ್‌ವೆಲ್ ಕೊರೆಯುವಾಗ ಕಲ್ಲುಪುಡಿಯ ಹಿಂದೆಯೇ ನೀರು ಚಿಮ್ಮಿತೆಂದರೆ ಊರೆಲ್ಲ ಕೇಳುವುದು ಒಂದೇ ಮಾತು: ‘ಎಷ್ಟಿಂಚು ಬಿತ್ತು?’ ಅಂತರ್ಜಲದ ಹರಿವಿಗೆ ಗಣಿತದ ಮಾದರಿ ಕಟ್ಟುವ ಭೂಜಲ ವಿಜ್ಞಾನಿಯ ಪ್ರಶ್ನೆ ಬೇರೆ: ‘ಈ ನೀರು ಎಲ್ಲಿಂದ ಬಂತು?’ ಕಣ್ಣಿಗೆ ಕಾಣದ ನೀರಿನ ಬೆನ್ನುಹತ್ತಿ ವೃತ್ತಿಜೀವನವನ್ನೇ ಸವೆಸುವ ಈ ಕಸುಬು ನನಗೆ ಪ್ರಿಯವಾಗಿರುವುದು ಆ ಎರಡನೆಯ ಪ್ರಶ್ನೆಗಾಗಿ. ನಾಳೆ ಏನಾಗುತ್ತದೆಂದು ಹೇಳುವುದೇ ಮಾದರಿಯ ಹೆಚ್ಚುಗಾರಿಕೆ ಎಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಗುಣವೊಂದು ಅದಕ್ಕಿದೆ: ಒಂದು ಕೊಡ ನೀರನ್ನೂ ಅದು ಲೆಕ್ಕ ಕೇಳದೆ ಮೇಲೆತ್ತಲು ಬಿಡುವುದಿಲ್ಲ.

ಈ ಲೆಕ್ಕದ ಬುನಾದಿ ಮರಳಿನದು. ಫ್ರಾನ್ಸಿನ ದಿಜಾನ್ ಊರಿಗೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ 1855–56ರಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೊಳವೆ ನಿಲ್ಲಿಸಿ, ಮರಳು ತುಂಬಿ, ನೀರು ಹಾಯಿಸಿ ನೋಡಿದರು. ಮರಳಿನ ಮೇಲೊಂದು, ಕೆಳಗೊಂದು ಪಾದರಸದ ಮಾಪಕ. ಎರಡು ತುದಿಗಳ ಮಟ್ಟದ ಅಂತರ ಇಮ್ಮಡಿಸಿದರೆ ಹರಿವೂ ಇಮ್ಮಡಿಸಿತು. ಮರಳಿನ ದಪ್ಪ ಇಮ್ಮಡಿಸಿದರೆ ಹರಿವು ಅರ್ಧಕ್ಕಿಳಿಯಿತು. 1856ರಲ್ಲಿ ಪುಸ್ತಕವೊಂದರ ಅನುಬಂಧದಲ್ಲಿ ಅಚ್ಚಾದ ಈ ಸರಳ ನಿಯಮವೇ ಇಂದಿನ ಕಂಪ್ಯೂಟರ್ ಮಾದರಿಗಳ ಉಸಿರು. ನೆಲದಡಿಯನ್ನು ಸಾವಿರಾರು ಅಂಕಣಗಳಾಗಿ ಭಾಗಮಾಡುತ್ತಾರೆ. ಪ್ರತಿ ಅಂಕಣಕ್ಕೆ ಆರು ಮುಖ: ನಾಲ್ಕು ಗೋಡೆ, ನೆಲ, ಸೂರು. ಪಕ್ಕದ ಅಂಕಣದಿಂದ ಎಷ್ಟು ಬಂತು, ಆಚೆಗೆ ಎಷ್ಟು ಹೋಯಿತು, ಒಳಗೆಷ್ಟು ಉಳಿಯಿತು ಎಂಬುದು ತಾಳೆಯಾಗುವವರೆಗೆ ಕಂಪ್ಯೂಟರ್ ಮಟ್ಟಗಳನ್ನು ತಿದ್ದುತ್ತ ಹೋಗುತ್ತದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1984ರಲ್ಲಿ ಹೊರತಂದ ಮಾಡ್‌ಫ್ಲೋ ಎಂಬ ತಂತ್ರಾಂಶ ಇಡೀ ಪ್ರದೇಶದ ಜಮಾ-ಖರ್ಚಿನ ಪಟ್ಟಿಯನ್ನೂ ಕೊಡುತ್ತದೆ. ಆ ಪಟ್ಟಿಯ ಕೊನೆಯ ಸಾಲಿನಲ್ಲಿ ವ್ಯತ್ಯಾಸ ಸೊನ್ನೆಗೆ ಬಂದು ನಿಲ್ಲುವುದರಲ್ಲಿ, ನೂರಾರು ಎಳೆ ಹಾಯ್ದರೂ ಸಿಕ್ಕಾಗದ ನೇಯ್ಗೆಯ ಚೆಲುವಿದೆ.

ಈ ಲೆಕ್ಕ ನಮ್ಮ ಒಂದು ನಂಬಿಕೆಯನ್ನು ಅಲುಗಿಸುತ್ತದೆ. ಮಳೆಯಿಂದ ಇಂಗಿದಷ್ಟನ್ನು ಮಾತ್ರ ಎತ್ತಿಕೊಂಡರೆ ಯಾರಿಗೂ ನಷ್ಟವಿಲ್ಲ ಎನ್ನುತ್ತೇವೆ. ಅಮೆರಿಕದ ಚಾರ್ಲ್ಸ್ ಥೈಸ್ 1940ರಲ್ಲಿ ಇದಕ್ಕೆ ಉತ್ತರ ಬರೆದರು. ಬಾವಿ ತೋಡುವ ಮೊದಲೂ ಇಂಗಿದ ನೀರು ಸುಮ್ಮನೆ ಕೂತಿರಲಿಲ್ಲ; ಒರತೆಯಾಗಿ, ಹೊಳೆಯಾಗಿ, ಮರದ ಬೇರಿನ ಪಾಲಾಗಿ ಹೊರಟುಹೋಗುತ್ತಿತ್ತು. ಹಾಗಾಗಿ ಹೊಸ ಬಾವಿಯ ನೀರಿಗೆ ಮೂರೇ ಮೂಲ: ಒಡಲಲ್ಲಿ ಕೂಡಿಟ್ಟದ್ದು ಕರಗಬೇಕು, ಹೊರಹರಿವು ತಗ್ಗಬೇಕು, ಇಲ್ಲವೇ ಇಂಗುವುದು ಹೆಚ್ಚಬೇಕು. ಒಂದು ಹೆಕ್ಟೇರಿನ ಕೆಳಗೆ ನೀರಿನ ಮಟ್ಟ ಒಂದು ಮೀಟರ್ ಇಳಿಯಿತೆನ್ನಿ. ಶಿಥಿಲಗೊಂಡ ಕಲ್ಲು ಬಿಟ್ಟುಕೊಡುವ ನೀರು ತನ್ನ ಗಾತ್ರದ ನೂರಕ್ಕೆ ಎರಡು ಪಾಲು ಎಂದಿಟ್ಟುಕೊಂಡರೆ ಸಿಗುವುದು ಎರಡು ಲಕ್ಷ ಲೀಟರ್. ದಿನಕ್ಕೆ ನಲವತ್ತು ಸಾವಿರ ಲೀಟರ್ ಎತ್ತುವ ಪಂಪಿಗೆ ಅದು ಐದು ದಿನದ ಮೇವು. ಆರನೆಯ ದಿನ ಮಟ್ಟ ಇನ್ನಷ್ಟು ಇಳಿಯದೆಯೂ ಪಂಪು ಓಡಿದರೆ, ಪಕ್ಕದ ಹೊಲದಿಂದಲೋ ಹಳ್ಳದಿಂದಲೋ ನೀರು ಸರಿದು ಬರುತ್ತಿದೆ ಎಂದೇ ಅರ್ಥ.

ಲೆಕ್ಕ ಕೂಡಿತೆಂದ ಮಾತ್ರಕ್ಕೆ ಅದು ನಿಜವೇ? ಈ ಆಕ್ಷೇಪಣೆ ಬಲವಾದದ್ದು. ಇಂಗುವ ನೀರನ್ನೂ ನೀರು ಹಾಯಗೊಡುವ ಕಲ್ಲಿನ ಗುಣವನ್ನೂ ಒಟ್ಟಿಗೆ ಇಮ್ಮಡಿಸಿದರೆ, ಬಂದಷ್ಟೇ ಹೊರಹೋಗುವ ಸ್ಥಿರ ಸ್ಥಿತಿಯ ಮಾದರಿಯಲ್ಲಿ ಬಾವಿಗಳ ಮಟ್ಟ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಎರಡು ಬೇರೆ ಬೇರೆ ಭೂಮಿಗಳು ಒಂದೇ ಉತ್ತರ ಕೊಟ್ಟಂತೆ. ಅಂತರ್ಜಲದ ಮಾದರಿಗಳನ್ನು ಸತ್ಯವೆಂದು ಸಾಬೀತುಪಡಿಸಲಾಗದು ಎಂದು ಈ ಕ್ಷೇತ್ರದ ಹಿರಿಯರಾದ ಕೊನಿಕೋ ಮತ್ತು ಬ್ರೆಡೆಹೋಫ್ಟ್ 1992ರಲ್ಲಿ ಬರೆದರು. ಇದರಿಂದ ಕಸುಬಿನ ಮೇಲೆ ನನ್ನ ಗೌರವ ಹೆಚ್ಚಿದೆ. ಬಾವಿಯ ಮಟ್ಟವೊಂದೇ ಸಾಲದು, ಬೇಸಿಗೆಯ ಹಳ್ಳದಲ್ಲಿ ಹರಿಯುವ ನೀರನ್ನೂ ಅಳೆದು ಬನ್ನಿ ಎಂದು ಮಾದರಿಯೇ ಹೇಳುತ್ತದೆ. ಆ ಅಳತೆ ಸಿಕ್ಕರೆ ಆ ಎರಡು ಭೂಮಿಗಳಲ್ಲಿ ಒಂದು ಬಿದ್ದುಹೋಗುತ್ತದೆ. ತನಗೆ ತಿಳಿಯದ್ದು ಯಾವುದೆಂದು ಇಷ್ಟು ನಿಖರವಾಗಿ ಬೆರಳಿಟ್ಟು ತೋರಿಸುವ ವಿದ್ಯೆಗಳು ಹೆಚ್ಚಿಲ್ಲ.

ಮರಳಿನ ನಿಯಮ ನಮ್ಮ ಬಯಲುಸೀಮೆಯ ಕರಿಕಲ್ಲಿಗೆ ಹೊಂದೀತೇ ಎಂಬುದು ಇನ್ನೊಂದು ಪ್ರಶ್ನೆ. ಇಲ್ಲಿ ನೀರು ಓಡುವುದು ಬಿರುಕುಗಳಲ್ಲಿ. ಬಿರುಕಿನ ಅಗಲ ಇಮ್ಮಡಿಸಿದರೆ ಹರಿವು ಎಂಟು ಪಟ್ಟಾಗುತ್ತದೆ. ಒಂದು ಕೊರೆತದಲ್ಲಿ ನೀರು ಉಕ್ಕಿದರೆ ಕೂಗಳತೆಯ ಇನ್ನೊಂದರಲ್ಲಿ ಬರೀ ಪುಡಿ ಹಾರುವುದು ಇದಕ್ಕೇ. ಎಲ್ಲಿ ಕೊರೆಯಬೇಕೆಂದು ತೋರಿಸುವ ಶಕ್ತಿ ಮಾದರಿಗಿಲ್ಲವೆಂದು ಒಪ್ಪೋಣ. ಆದರೆ ಹಲವು ಚದರ ಕಿಲೋಮೀಟರಿನ ಜಲಾನಯನದಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕವನ್ನು ಯಾವ ಬಿರುಕೂ ಮೀರಲಾರದು. ಗುಂಡ್ಲುಪೇಟೆ ಬಳಿಯ ಬೇರಂಬಾಡಿ ಜಲಾನಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಕೂಡಿ ವರ್ಷಗಟ್ಟಲೆ ಅಳೆಯುತ್ತ ಬಂದಿದ್ದಾರೆ. ಬೋರ್‌ವೆಲ್‌ಗಳು ಹೆಚ್ಚಿದಂತೆ ಅಲ್ಲಿ ಅಂತರ್ಜಲ ಆಳಕ್ಕಿಳಿದು, ತಳದಿಂದ ಹೊಳೆಗೆ ಒಸರುತ್ತಿದ್ದ ನೀರು ನಿಂತಿತು. ಥೈಸ್ ಪಟ್ಟಿಮಾಡಿದ ಮೂಲಗಳಲ್ಲಿ ಎರಡು, ಒಡಲ ಗಂಟು ಮತ್ತು ಹೊಳೆಯ ಪಾಲು, ಕರಿಕಲ್ಲಿನ ನಾಡಿನಲ್ಲೂ ಕಣ್ಣೆದುರೇ ಖರ್ಚಾಗಿವೆ. ಎರಡಿಂಚು ನೀರು ಬಿದ್ದ ದಿನ ಊರು ಸಂಭ್ರಮಿಸಬೇಕಾದ್ದೇ. ಬೆಳೆಗೆ ನೀರು ಬೇಕು. ಆ ಸಂಭ್ರಮದ ನಡುವೆ ಹೊಳೆಯ ಪರವಾಗಿ ಪುಸ್ತಕ ಬಿಚ್ಚಿ, ಅದರ ಪಾಲನ್ನು ಬರೆದಿಡಲು ಒಬ್ಬರು ಬೇಕು. ಅಷ್ಟು ಹೊತ್ತಿಗೆ ಹೊಳೆಯಲ್ಲಿ ಇನ್ನೂ ನೀರಿರಬೇಕು.