ನೆಲವನ್ನು ವಿಚಾರಿಸಿ ಕೊಳ್ಳಿರಿ

ಮನುಷ್ಯನು ಮಡಕೆಯೊಂದನ್ನು ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತಾನೆ. ಎತ್ತನ್ನು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನೊಗ ಕಟ್ಟಿ ನಡೆಸಿಯೂ ನೋಡುತ್ತಾನೆ. ಆದರೆ ಜೀವಮಾನದ ಗಳಿಕೆಯನ್ನೆಲ್ಲ ಸುರಿದು ನೆಲವನ್ನು ಕೊಳ್ಳುವಾಗ ಬಹುಮಂದಿ ಬೆಲೆಯನ್ನೂ ದಿಕ್ಕನ್ನೂ ಕೇಳಿ ತೃಪ್ತರಾಗುತ್ತಾರೆ. ಈ ವಿಷಯವಾಗಿ ಓದುಗರಲ್ಲಿ ಎರಡು ಮಾತು ನಿವೇದಿಸುವುದು ಉಚಿತವೆಂದು ನಮಗೆ ತೋರಿದೆ.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲಕ್ಕೆ, ಮುಕ್ತೀಶ್ವರನ ಸನ್ನಿಧಿಗೂ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೂ, ದೂರದೂರದಿಂದ ಜನ ಬರುತ್ತಾರೆ. ಕೃಷಿಕರಲ್ಲದವರು ಹೊಲ ಕೊಳ್ಳುವುದಕ್ಕೆ ಅಡ್ಡಿಯಾಗಿದ್ದ ಭೂಸುಧಾರಣಾ ಕಾಯಿದೆಯ ಕಲಮುಗಳು 2020ರಲ್ಲಿ ರದ್ದಾದ ಬಳಿಕ ನಗರವಾಸಿಗಳಿಗೂ ಇಂತಹ ಊರುಗಳ ಹೊಲದ ಮೇಲೆ ಕಣ್ಣು ಬಿದ್ದಿದೆ. ಅಂಥ ಸದ್ಭಕ್ತರೊಬ್ಬರು ನಿವೃತ್ತಿಯ ಹಣದಿಂದ ಆ ಸೀಮೆಯಲ್ಲಿ ಎರಡು ಎಕರೆ ಕೊಳ್ಳಲು ನಿಶ್ಚಯಿಸಿ, ಭೂಮಿಪೂಜೆಗೆ ಮುಹೂರ್ತ ಕೇಳಲು ಬಂದರು. ಕಾಗದಪತ್ರಗಳನ್ನು ತೋರಿಸಿರೆಂದೆವು.

“ಪಹಣಿಯಲ್ಲಿ ಮಾರುವವರ ಹೆಸರೇ ಇದೆಯಲ್ಲ, ಬುದ್ಧಿ. ಇನ್ನೇನು ಬೇಕು?” ಎಂದರು.

ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸತಕ್ಕದ್ದೆಂದು 1964ರ ಭೂಕಂದಾಯ ಕಾಯಿದೆ ಹೇಳುತ್ತದೆ. ಆದರೆ ಅದು ಹಕ್ಕಿನ ಮೂಲವಲ್ಲ. ನೋಂದಣಿಯೂ ಕ್ರಯಪತ್ರಕ್ಕೆ ಸಾಕ್ಷಿಯೇ ಹೊರತು ಮಾರಿದವನಿಗೆ ಹಕ್ಕಿತ್ತೆಂಬುದಕ್ಕೆ ಹೊಣೆಯಲ್ಲ. ಆದಕಾರಣ ಜಮೀನು ಈ ಕುಟುಂಬಕ್ಕೆ ಹೇಗೆ ಬಂದಿತೆಂಬುದನ್ನು ಹಳೆಯ ಹಕ್ಕು ಬದಲಾವಣೆಯ ವಹಿಗಳಲ್ಲಿ ಹುಡುಕಿಸಿರೆಂದು ಹೇಳಿ ಕಳುಹಿಸಿದೆವು.

ಮೂರು ವಾರದ ಮೇಲೆ ಅವರು ಬಾಡಿದ ಮುಖದಿಂದ ಮರಳಿದರು. ಆ ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿಯ ಬಡವನೊಬ್ಬನಿಗೆ ಸರ್ಕಾರ ಮಂಜೂರು ಮಾಡಿದ್ದು; ಮುಂದೆ ಅನುಮತಿಯಿಲ್ಲದೆ ಕೈಬದಲಾಗಿತ್ತು. ಇಂತಹ ಪರಭಾರೆಯನ್ನು ಅಸಿಂಧುವೆಂದು ಸಾರಿ, ಜಮೀನನ್ನು ಮೂಲ ಕುಟುಂಬಕ್ಕೆ ಮರಳಿಸಲು 1978ರ ಕಾಯಿದೆ ಅವಕಾಶ ಕೊಟ್ಟಿದೆ. 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಮರಳಿ ಕೇಳುವುದಕ್ಕೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. “ಮಂಜೂರಾದವನ ಮೊಮ್ಮಗ ಅದೇ ಹೊಲದಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದ, ಬುದ್ಧಿ” ಎಂದು ಅವರು ತಲೆ ತಗ್ಗಿಸಿದರು. ದಲ್ಲಾಳಿ ಮುನಿದರೂ ಅವರು ವ್ಯವಹಾರ ಕೈಬಿಟ್ಟರು. ತಮ್ಮ ಹಣ ಉಳಿದ ಸಮಾಧಾನಕ್ಕಿಂತ ಆ ಕೂಲಿಯ ಮುಖವೇ ಅವರನ್ನು ಹೆಚ್ಚು ಕಾಡಿತು.

ಓದುಗರೇ, ಇದರಲ್ಲಿಯೇ ಪರಿಶೀಲನೆಯ ಮರ್ಮವಿದೆ. ಅದು ಹಣದ ರಕ್ಷಣೆ ಮಾತ್ರವಲ್ಲ. ಪರರ ಸ್ವತ್ತು ಅರಿಯದೆ ನಮ್ಮ ಕೈಸೇರದಂತೆ ಕಾಯುವ ಧರ್ಮವೂ ಹೌದು. ಪಿತ್ರಾರ್ಜಿತ ಸ್ವತ್ತಾದರೆ ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ. 2005ರ ತಿದ್ದುಪಡಿಯಂತೆ ಮಗಳಿಗೂ ಮಗನಷ್ಟೇ ಹುಟ್ಟಿನ ಹಕ್ಕುಂಟು. ಸಾಲ, ಅಡಮಾನಗಳನ್ನು ಅರಿಯಲು ಋಣಭಾರ ಪತ್ರ ಪಡೆಯಿರಿ. 2004ರ ಏಪ್ರಿಲಿಗಿಂತ ಹಿಂದಿನದನ್ನು ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಹುಡುಕಿಸಿರಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಕೇವಲ ಅಧಿಕಾರಪತ್ರದ ಮೇಲೆ ನಡೆದ ಮಾರಾಟದಿಂದ ಸ್ವಾಮ್ಯ ಬಾರದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ.

ಕಾಗದ ನೋಡಿದ ಮೇಲೆ ಕಾಲ್ನಡಿಗೆಯಿಂದ ನೆಲ ನೋಡಿರಿ. ಮೋಜಣಿದಾರರೊಡನೆ ಬಾಂದು ಕಲ್ಲುಗಳನ್ನು ಗುರುತಿಸಿರಿ. ಮಳೆಗಾಲದಲ್ಲಿ ಒಮ್ಮೆ ಹೋಗಿರಿ. ಕೆರೆಗೆ ಹರಿಯುವ ಕಾಲುವೆ ಎಲ್ಲಿದೆಯೆಂದು ನೀರೇ ತೋರಿಸುತ್ತದೆ. ಹೊಲಕ್ಕೆ ದಾರಿಯುಂಟೇ, ಉಳುತ್ತಿರುವವರಾರು ಎಂದು ಪಕ್ಕದ ಹೊಲದ ಹಿರಿಯರನ್ನು ಕೇಳಿರಿ. ಕಚೇರಿಯ ವಹಿಯಲ್ಲಿಲ್ಲದ ಎಷ್ಟೋ ಸಂಗತಿಗಳು ಅವರ ನೆನಪಿನಲ್ಲಿರುತ್ತವೆ.

ಮುಹೂರ್ತ ಒಂದು ತಿಂಗಳು ತಡವಾದರೆ ಕೆಡುಕಿಲ್ಲ. ಇನ್ನೊಬ್ಬರ ನಿಟ್ಟುಸಿರಿಲ್ಲದ ನೆಲದಲ್ಲಿ ಬಿತ್ತಿದವನಿಗೆ ಮಳೆ ಕಡಿಮೆಯಾದ ವರ್ಷವೂ ನಿದ್ದೆ ಬರುತ್ತದೆ.